ರಾಸ್ಪ್‌ಬೆರಿ ಪೈ 4: ಡೆಸ್ಕ್‌ಟಾಪ್ ಬಾರದಿದ್ದರೆ ಬೋರ್ಡನ್ನು ಬೈಯುವ ಮೊದಲು

2019ರಲ್ಲಿ ಬಂದ ಈ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್ ಬ್ರೌಸರ್, ಟೈಪಿಂಗ್, ಮಕ್ಕಳ ಪೈಥಾನ್ ಪ್ರೋಗ್ರಾಮಿಂಗ್ ಕಲಿಕೆಗೆ ಈಗಲೂ ಸಾಕು. 4 ಜಿಬಿ ರ‍್ಯಾಮ್ ಇರುವುದನ್ನೇ ತಗೊಳ್ಳಿ. ಡೆಸ್ಕ್‌ಟಾಪ್ ತೆರೆಯದೆ ಪರದೆ ಕಪ್ಪಾಗಿಯೇ ಉಳಿಯುವ ದೂರು ಮಾತ್ರ ಇದರ ಬೆನ್ನು ಬಿಟ್ಟಿಲ್ಲ. ಬಹುಪಾಲು ತಪ್ಪು ಬೋರ್ಡಿನದಲ್ಲ.

ಎರಡು ಮೈಕ್ರೊ ಎಚ್‌ಡಿಎಂಐ ಪೋರ್ಟ್‌ಗಳಲ್ಲಿ ಪವರ್ ಪಕ್ಕದ್ದಕ್ಕೇ ಕೇಬಲ್ ಹಾಕಿ, ಮಾನಿಟರ್ ಮೊದಲು ಆನ್ ಮಾಡಿ. ಸಿಕ್ಕ ಮೊಬೈಲ್ ಚಾರ್ಜರ್ ಬೇಡ, 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಬೇಕು. ವೋಲ್ಟೇಜ್ ಸುಮಾರು 4.63ಕ್ಕಿಂತ ಇಳಿದರೆ ಕೆಂಪು ದೀಪ ಆರುತ್ತದೆ, ಅದನ್ನು ಗಮನಿಸಿ.

ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಲಾಗಿನ್ ಪರದೆಗೇ ವಾಪಸ್ ಬರುತ್ತಿದ್ದರೆ ಕಥೆ ಬೇರೆ. ಕಂಟ್ರೋಲ್, ಆಲ್ಟ್, ಎಫ್2 ಒಟ್ಟಿಗೆ ಒತ್ತಿ ಟರ್ಮಿನಲ್‌ಗೆ ಹೋಗಿ 'ಡಿಎಫ್ -ಎಚ್' (df -h) ಆದೇಶ ಕೊಡಿ. ಕೊನೆಯಲ್ಲಿ ಬರೀ '/' ಇರುವ ರೂಟ್ ಸಾಲಿನಲ್ಲಿ 100% ಕಂಡರೆ ಮೆಮೊರಿ ಕಾರ್ಡು ತುಂಬಿದೆ, ಲಾಗಿನ್‌ಗೆ ಬೇಕಾದ ಸೆಷನ್ ಫೈಲ್ ಬರೆಯಲು ಜಾಗವಿಲ್ಲ. 'ಸುಡೊ ಆಪ್ಟ್ ಕ್ಲೀನ್' (sudo apt clean; ಸುಡೊ ಅಂದರೆ ನಿರ್ವಾಹಕರ ಅಧಿಕಾರದಲ್ಲಿ ಎಂದರ್ಥ) ಹೊಡೆದು ರೀಬೂಟ್ ಮಾಡಿ. ಜಾಗವಿದ್ದೂ ಇದೇ ಪಾಡೇ? ಡೆಸ್ಕ್‌ಟಾಪನ್ನು ಪರದೆಗೆ ತರುವ ವ್ಯವಸ್ಥೆ ಎಕ್ಸ್11 ಆದರೆ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ 'ಎಕ್ಸ್‌ಅಥಾರಿಟಿ' (.Xauthority) ಫೈಲ್ ರೂಟ್ ಎಂಬ ನಿರ್ವಾಹಕ ಖಾತೆಯ ಹೆಸರಿಗೆ ಹೋಗಿರಬಹುದು. ಸುಡೊ ಹಾಕಿ ಗ್ರಾಫಿಕ್ ಪ್ರೋಗ್ರಾಂ ತೆರೆಯುವ ಚಾಳಿಯ ಫಲ! ಸುಡೊ ಹಾಕಿಯೇ ಅದನ್ನು ಅಳಿಸಿ; ಮುಂದಿನ ಲಾಗಿನ್‌ನಲ್ಲಿ ತಾನೇ ಹುಟ್ಟುತ್ತದೆ.

ಕಾರ್ಡಿಗೆ ರಾಸ್ಪ್‌ಬೆರಿ ಪೈ ಓಎಸ್‌ನ ಲೈಟ್ (Lite) ಇಮೇಜ್ ಬರೆದವರು ಡೆಸ್ಕ್‌ಟಾಪ್ ಹುಡುಕುವುದೇ ಬೇಡ, ಅದರಲ್ಲಿ ಅದು ಇರುವುದಿಲ್ಲ.