ಕೆ3ಎಸ್ ಬಳಸಿ ನೋಡಿದ ಮೇಲೆ: ಆ್ಯಪ್ ಹೊರಡುತ್ತದೆ, ಡೇಟಾ ಅಷ್ಟು ಸುಲಭಕ್ಕೆ ಹೊರಡುವುದಿಲ್ಲ

ನೇರವಾಗಿ ಹೇಳಿಬಿಡುತ್ತೇನೆ. ಚಿಕ್ಕ ತಂಡ, ನಾಲ್ಕೈದು ಆ್ಯಪ್, ಯಾವ ಕ್ಲೌಡ್ ಕಂಪನಿಗೂ ಕಾಯಂ ಗಂಟು ಬೀಳಬಾರದು ಅನ್ನುವ ಹಟ. ಇಷ್ಟು ಇದ್ದರೆ ಕೆ3ಎಸ್ ಹಾಕಿಕೊಳ್ಳಿ. ಹಲವು ಸರ್ವರ್‌ಗಳ ಮೇಲೆ ಆ್ಯಪ್ ನಡೆಸುವ ಕುಬರ್ನೆಟೀಸ್ ಅನ್ನುವ ಸಾಫ್ಟ್‌ವೇರ್‌ನ ಚಿಕ್ಕ ಪೊಟ್ಟಣ ಇದು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ಯಾಕೆ ಅಂದರೆ, ಕೆ3ಎಸ್ ನಿಮ್ಮ ಆ್ಯಪ್‌ಗಳನ್ನು ಒಂದು ಕ್ಲೌಡ್‌ನಿಂದ ಇನ್ನೊಂದಕ್ಕೆ ಸಲೀಸಾಗಿ ಸಾಗಿಸುತ್ತದೆ, ಡೇಟಾವನ್ನು ಸಾಗಿಸುವುದಿಲ್ಲ. ಆ ದಾರಿ ನಾವೇ ಮಾಡಿಕೊಳ್ಳಬೇಕು. ಈ ಮಾತನ್ನು ಶುರುವಿನಲ್ಲೇ ಯಾರೂ ಹೇಳುವುದಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಕಂಟೇನರ್‌ಗಳನ್ನು (ಆ್ಯಪ್ ಮತ್ತು ಅದಕ್ಕೆ ಬೇಕಾದದ್ದೆಲ್ಲ ಸೇರಿಸಿ ಕಟ್ಟಿದ ಗಂಟು) ಹಲವು ಮಷಿನ್‌ಗಳ ಮೇಲೆ ಹಂಚಿ ಓಡಿಸುವುದು, ಒಂದು ಬಿದ್ದರೆ ಮತ್ತೆ ಎಬ್ಬಿಸುವುದು, ಜನ ಜಾಸ್ತಿ ಬಂದರೆ ಸಂಖ್ಯೆ ಹೆಚ್ಚಿಸುವುದು ಕುಬರ್ನೆಟೀಸ್ ಕೆಲಸ. ಗೂಗಲ್ ಅದನ್ನು 2014ರಲ್ಲಿ ಓಪನ್ ಸೋರ್ಸ್ ಮಾಡಿತು, 1.0 ಆವೃತ್ತಿ 2015ರ ಜುಲೈನಲ್ಲಿ ಬಂತು. ಶಕ್ತಿ ಇದೆ, ಆದರೆ ಕೈಯಿಂದ ಕಟ್ಟಿ ನಿಲ್ಲಿಸುವುದು ದೊಡ್ಡ ಕೆಲಸ. ರಾಂಚರ್ ಲ್ಯಾಬ್ಸ್‌ನವರು 2019ರಲ್ಲಿ ಅದನ್ನೇ ನೂರು ಎಂಬಿಗಿಂತ ಚಿಕ್ಕದಾದ ಒಂದೇ ಫೈಲ್‌ಗೆ ತುಂಬಿ ಕೆ3ಎಸ್ ಅಂತ ಬಿಟ್ಟರು. 2020ರಲ್ಲಿ ಇದು ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ ಅನ್ನುವ ಲಾಭರಹಿತ ಸಂಸ್ಥೆಯ ಕೈಗೆ ಹೋಯಿತು. ಅದೇ ವರ್ಷ ರಾಂಚರ್ ಕಂಪನಿಯನ್ನು ಸೂಸೆ ಅನ್ನುವ ಲಿನಕ್ಸ್ ಕಂಪನಿ ಕೊಂಡುಕೊಂಡಿತು. ಕಂಪನಿ ಕೈ ಬದಲಾದರೂ ಕೆ3ಎಸ್ ಲೈಸೆನ್ಸ್ ಅಪಾಚೆ 2.0 ಅನ್ನುವ ಓಪನ್ ಸೋರ್ಸ್ ಲೈಸೆನ್ಸ್ ಆಗಿಯೇ ಉಳಿದಿದೆ. ಇದು ಎಷ್ಟು ಮುಖ್ಯ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಇದು ಕತ್ತರಿಸಿದ ಕುಬರ್ನೆಟೀಸ್ ಅಂದುಕೊಂಡವರು ತುಂಬಾ ಜನ ಇದ್ದಾರೆ. ಹಾಗಲ್ಲ. ಇದು ಸರ್ಟಿಫಿಕೇಟ್ ಇರುವ ಪೂರ್ತಿ ಕುಬರ್ನೆಟೀಸ್. ತೆಗೆದದ್ದು ಹಳೆಯ ಕ್ಲೌಡ್ ಮತ್ತು ಸ್ಟೋರೇಜ್ ಡ್ರೈವರ್‌ಗಳನ್ನು ಅಷ್ಟೇ. ದೊಡ್ಡ ಕ್ಲೌಡ್‌ನವರೇ ನಡೆಸಿಕೊಡುವ ಮ್ಯಾನೇಜ್ಡ್ ಕುಬರ್ನೆಟೀಸ್‌ಗೆ ಬರೆದ ಯಾಮಲ್ ಫೈಲ್‌ಗಳು (ಏನು ಹೇಗೆ ಓಡಬೇಕು ಅಂತ ಬರೆದಿಡುವ ಫೈಲ್‌ಗಳು) ಬಹುಪಾಲು ಇಲ್ಲೂ ಓಡುತ್ತವೆ, ಇಲ್ಲಿ ಬರೆದದ್ದು ಬಹುಪಾಲು ಅಲ್ಲೂ ಓಡುತ್ತದೆ.

ಹಾಕುವುದು ಎಷ್ಟು ಸುಲಭ ಅಂದರೆ, ಒಂದು ಸಾಲಿನ ಕಮಾಂಡ್, ಸ್ವಲ್ಪ ಹೊತ್ತಿಗೆ ಕ್ಲಸ್ಟರ್ (ಒಟ್ಟಿಗೆ ದುಡಿಯುವ ಮಷಿನ್‌ಗಳ ಗುಂಪು) ಎದ್ದು ಕೂರುತ್ತದೆ. (ಇಂಟರ್ನೆಟ್‌ನಿಂದ ಬಂದ ಸ್ಕ್ರಿಪ್ಟನ್ನು ನೇರ ರೂಟ್ ಆಗಿ, ಅಂದರೆ ಪೂರ್ತಿ ಅಧಿಕಾರ ಕೊಟ್ಟು, ಓಡಿಸುವ ಮೊದಲು ಒಮ್ಮೆ ಇಳಿಸಿಕೊಂಡು ಓದಿ ನೋಡಿ, ದಯವಿಟ್ಟು.) ಮುಖ್ಯ ಸರ್ವರ್‌ಗೆ ಎರಡು ಕೋರ್, 2 ಜಿಬಿ ರಾಮ್ ಇದ್ದರೆ ಶುರು ಮಾಡಬಹುದು. ಕಂಟೇನರ್ ಓಡಿಸುವ ಕಂಟೇನರ್‌ಡಿ, ನೆಟ್‌ವರ್ಕ್‌ಗೆ ಫ್ಲಾನೆಲ್, ಒಳಗಿನ ಹೆಸರುಗಳಿಗೆ ಕೋರ್‌ಡಿಎನ್‌ಎಸ್, ಹೊರಗಿನಿಂದ ಬರುವ ಬೇಡಿಕೆಗಳನ್ನು ಸರಿಯಾದ ಆ್ಯಪ್‌ಗೆ ದಾಟಿಸಲು ಟ್ರಾಫಿಕ್ (Traefik) ಅನ್ನುವ ಒಂದು ಪ್ರಾಕ್ಸಿ, ಎಲ್ಲ ಒಳಗೇ ಬರುತ್ತದೆ. ಬೇಡವಾದದ್ದನ್ನು ಬಂದ್ ಮಾಡಿಬಿಡಬಹುದು. ನೆಟ್ ಸರಿಯಿಲ್ಲದ ಕಡೆಯೂ ಹಾಕಬಹುದು. ಕಂಟೇನರ್ ಇಮೇಜ್‌ಗಳ (ಕಂಟೇನರ್ ಎಬ್ಬಿಸಲು ಬೇಕಾದ ಫೈಲ್‌ಗಳ) ಕಟ್ಟನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಒಂದು ಫೋಲ್ಡರ್‌ಗೆ ಹಾಕಿದರೆ ಸಾಕು. ತಾಲೂಕು ಕೇಂದ್ರದ ಆಫೀಸಿನ ಮೂಲೆಯಲ್ಲಿ ಸರ್ವರ್ ಇಡಬೇಕಾದವರಿಗೆ ಇದು ತುಂಬಾ ಉಪಕಾರ.

ನನಗೆ ಬಹಳ ಇಷ್ಟವಾದದ್ದು ಲೋಡ್ ಬ್ಯಾಲೆನ್ಸರ್ (ಬರುವ ಬೇಡಿಕೆಗಳನ್ನು ಮಷಿನ್‌ಗಳಿಗೆ ಹಂಚುವ ಸಾಧನ) ವಿಷಯ. ದೊಡ್ಡ ಕ್ಲೌಡ್‌ನಲ್ಲಿ ಸರ್ವಿಸ್ ಫೈಲ್‌ನಲ್ಲಿ ಲೋಡ್ ಬ್ಯಾಲೆನ್ಸರ್ ಬೇಕು ಅಂತ ಬರೆದರೆ ಅವರು ಒಂದು ಹೊಸದನ್ನು ಹುಟ್ಟಿಸಿ ಅದಕ್ಕೆ ಬಿಲ್ ಹಾಕುತ್ತಾರೆ. ಅದೇ ಫೈಲನ್ನು ಸ್ವಂತ ಮಷಿನ್‌ಗಳ ಬರಿಯ ಕುಬರ್ನೆಟೀಸ್‌ಗೆ ಕೊಟ್ಟರೆ ಕೇಳುವವರೇ ಇಲ್ಲ, ಸುಮ್ನೆ ಕಾಯುತ್ತಾ ಕೂರುತ್ತದೆ. ಕೆ3ಎಸ್ ಜೊತೆ ಸರ್ವಿಸ್‌ಎಲ್‌ಬಿ ಅನ್ನುವ ಚಿಕ್ಕ ಸಾಧನ ಬರುತ್ತದೆ. ಅದು ನೋಡ್‌ಗಳ (ಕ್ಲಸ್ಟರ್‌ನ ಮಷಿನ್‌ಗಳ) ಪೋರ್ಟ್‌ಗಳನ್ನೇ ತೆರೆದು ಕೆಲಸ ಮುಗಿಸುತ್ತದೆ. ಫೈಲ್‌ನಲ್ಲಿ ಒಂದಕ್ಷರ ಬದಲಿಸಬೇಕಿಲ್ಲ. ಎಲ್ಲಿಗೆ ಬೇಕಾದರೂ ಒಯ್ಯಬಹುದು ಅಂದರೆ ಹೀಗಿರಬೇಕು, ಅಲ್ವಾ?

ಈಗ ಕಷ್ಟದ ಭಾಗ.

ಕೆ3ಎಸ್ ಜೊತೆ ಬರುವ ಸ್ಟೋರೇಜ್ ಹೆಸರು ಲೋಕಲ್ ಪಾತ್. ಆ್ಯಪ್ ಡಿಸ್ಕ್ ಕೇಳಿದರೆ, ಅದು ಓಡುತ್ತಿರುವ ಮಷಿನ್‌ನಲ್ಲೇ ಒಂದು ಫೋಲ್ಡರ್ ಮಾಡಿ ಕೊಡುತ್ತದೆ. ವೇಗ ಚೆನ್ನಾಗಿದೆ. ಆದರೆ ಆ ಕ್ಷಣದಿಂದ ಆ ಆ್ಯಪ್ ಆ ಮಷಿನ್‌ಗೇ ಅಂಟಿಕೊಂಡಿತು. ಮಷಿನ್ ಸತ್ತರೆ ಪಾಡ್ (ಆ್ಯಪ್‌ನ ಕಂಟೇನರ್ ಓಡುವ ಘಟಕ) ಬೇರೆ ಕಡೆ ಏಳುವುದಿಲ್ಲ, ಹಳೆಯ ಫೋಲ್ಡರ್‌ಗಾಗಿ ಕಾಯುತ್ತಲೇ ಇರುತ್ತದೆ. ಡೆಮೊ ನೋಡಿ ಖುಷಿಪಟ್ಟು ಡೇಟಾಬೇಸನ್ನೂ ಹೀಗೇ ಇಟ್ಟು, ಬೇರೆ ಯಾವ ಏರ್ಪಾಡೂ ಇಲ್ಲದೆ ನಡೆಸುವುದು ಅಪಾಯ.

ಇದಕ್ಕೆ ಪರಿಹಾರ ಅಂತ ಎಲ್ಲರೂ ತೋರಿಸುವುದು ಲಾಂಗ್‌ಹಾರ್ನ್ ಅನ್ನುವ ಸ್ಟೋರೇಜ್ ಸಾಧನ. ಅದೂ ರಾಂಚರ್ ಮನೆಯದೇ, ಅದೂ ಓಪನ್ ಸೋರ್ಸ್. ಮಾಮೂಲಿ ಸೆಟ್ಟಿಂಗ್‌ನಲ್ಲಿ ಪ್ರತಿ ಡಿಸ್ಕಿನ ಮೂರು ಪ್ರತಿ ಇಡುತ್ತದೆ. ಒಂದು ನೋಡ್ ಹೋದರೂ ಡೇಟಾ ಉಳಿಯುತ್ತದೆ. ಫೋಟೊ, ಪಿಡಿಎಫ್, ಅಪ್‌ಲೋಡ್ ಆದ ಫೈಲ್‌ಗಳಿಗೆ ಒಳ್ಳೆಯದು. ಡೇಟಾಬೇಸ್‌ಗೆ ನನಗೆ ಒಪ್ಪಿಗೆಯಾಗಲಿಲ್ಲ. ಪ್ರತಿ ಬರಹವೂ ನೆಟ್‌ವರ್ಕ್ ದಾಟಿ ಮೂರು ಕಡೆ ಬೀಳಬೇಕು, ಅಗ್ಗದ ಬಾಡಿಗೆ ಸರ್ವರ್‌ಗಳ ನೆಟ್‌ವರ್ಕ್‌ನಲ್ಲಿ ಆ ನಿಧಾನ ಕಣ್ಣಿಗೇ ಕಾಣುತ್ತದೆ. ಜೊತೆಗೆ, ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ಗೆ ತನ್ನದೇ ರೆಪ್ಲಿಕೇಶನ್ (ಬೇರೆ ಕಡೆ ನಕಲು ಇಡುವ ಏರ್ಪಾಡು) ಇರುವಾಗ ಕೆಳಗೆ ಇನ್ನೊಂದು ಪದರ ಯಾಕೆ?

ನನ್ನ ಪ್ರಕಾರ ಸರಿಯಾದ ದಾರಿ ಕ್ಲೌಡ್‌ನೇಟಿವ್‌ಪಿಜಿ. ಕುಬರ್ನೆಟೀಸ್ ಒಳಗೆ ಪೋಸ್ಟ್‌ಗ್ರೆಸ್ ನಡೆಸುವ ಓಪನ್ ಸೋರ್ಸ್ ಆಪರೇಟರ್ (ನಿರ್ವಹಣೆಯನ್ನು ತಾನೇ ಮಾಡುವ ಪ್ರೋಗ್ರಾಂ) ಇದು. ಡಿಸ್ಕ್ ಆಯಾ ನೋಡ್‌ನ ಲೋಕಲ್ ಪಾತ್ ಆಗಿಯೇ ಇರಲಿ, ಪ್ರತಿಗಳನ್ನು ಪೋಸ್ಟ್‌ಗ್ರೆಸ್ಸೇ ಬೇರೆ ಬೇರೆ ನೋಡ್‌ಗಳಲ್ಲಿ ಇಟ್ಟುಕೊಳ್ಳುತ್ತದೆ. ಮುಖ್ಯ ಪ್ರತಿ ಬಿದ್ದರೆ ಇನ್ನೊಂದನ್ನು ಮುಂದೆ ತರುತ್ತದೆ. ಅದಕ್ಕಿಂತ ದೊಡ್ಡ ವಿಷಯ: ಬೇಸ್ ಬ್ಯಾಕಪ್ (ಪೂರ್ತಿ ನಕಲು) ಮತ್ತು ಪ್ರತಿ ಬದಲಾವಣೆಯ ಲಾಗನ್ನು ಅಮೆಜಾನ್‌ನ ಎಸ್3 ಮಾದರಿಯ ಯಾವುದೇ ಸ್ಟೋರೇಜ್‌ಗೆ ಕಳಿಸುತ್ತಾ ಇರುತ್ತದೆ. ಆ ಬಕೆಟ್ (ಸ್ಟೋರೇಜ್‌ನಲ್ಲಿ ಫೈಲ್ ಇಡುವ ಜಾಗ) ಮೂರನೇ ಕಂಪನಿಯ ಬಳಿ ಇರಲಿ. ಆಗ ಹೊಸ ಕ್ಲೌಡ್‌ನಲ್ಲಿ ಇನ್ನೊಂದು ಕೆ3ಎಸ್ ಎಬ್ಬಿಸಿ, ಅದೇ ಬಕೆಟ್‌ನಿಂದ ಡೇಟಾಬೇಸ್‌ನ ನಕಲು ಕ್ಲಸ್ಟರ್ ಕಟ್ಟಿ, ಅದು ಹಳೆಯದರ ಹಿಂದೆಯೇ ಓಡುತ್ತಾ ಬರುವ ಹಾಗೆ ಮಾಡಬಹುದು. ಡಿಎನ್‌ಎಸ್ ಟಿಟಿಎಲ್ (ನಿಮ್ಮ ಸೈಟಿನ ವಿಳಾಸವನ್ನು ಬೇರೆ ಕಂಪ್ಯೂಟರ್‌ಗಳು ನೆನಪಿಟ್ಟುಕೊಳ್ಳುವ ಅವಧಿ) ಮೊದಲೇ ಇಳಿಸಿಡಿ. ಹೊರಡುವ ದಿನ ಹಳೆ ಕಡೆ ಬರಹ ನಿಲ್ಲಿಸಿ, ಕೊನೆಯ ಲಾಗ್ ಬಂತೇ ನೋಡಿ, ಹೊಸದನ್ನು ಮುಖ್ಯ ಮಾಡಿ, ಡಿಎನ್‌ಎಸ್ ತಿರುಗಿಸಿ.

ನಾವು ಬಿಟ್ಟುಬಂದ ಕಂಪನಿಯ ಮ್ಯಾನೇಜ್ಡ್ ಡೇಟಾಬೇಸ್‌ನಲ್ಲಿ ಈ ಸೌಕರ್ಯ ಇರಲಿಲ್ಲ. ಹೊರಗಿನ ಸರ್ವರ್‌ಗೆ ರೆಪ್ಲಿಕೇಶನ್ ಕೊಡಲು ಬಿಡುವುದೇ ಇಲ್ಲ, ಡಂಪ್ (ಎಲ್ಲ ಡೇಟಾದ ಒಂದು ಫೈಲ್) ತೆಗೆಯಬೇಕು, ರಾತ್ರಿಯಿಡೀ ಸೇವೆ ನಿಲ್ಲಿಸಿ ಮತ್ತೆ ತುಂಬಬೇಕು. ಕಟ್ಟಿಹಾಕುವುದು ಅಂದರೆ ಇದೇ. ಸರ್ವರ್‌ಗೆ ಬೀಗ ಇರುವುದಿಲ್ಲ, ಡೇಟಾಬೇಸ್‌ಗೆ ಇರುತ್ತದೆ.

ದುಡ್ಡಿನ ಲೆಕ್ಕದಲ್ಲೂ ಇದೇ ಕಥೆ. ದೊಡ್ಡ ಕ್ಲೌಡ್‌ಗಳಲ್ಲಿ ಡೇಟಾ ಒಳಗೆ ತರುವುದು ಉಚಿತ, ಹೊರಗೆ ಒಯ್ಯುವುದಕ್ಕೆ ಜಿಬಿ ಲೆಕ್ಕದಲ್ಲಿ ಕಾಸು. 2024ರಲ್ಲಿ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂವರೂ ಬಿಟ್ಟು ಹೋಗುವವರಿಗೆ ಈ ಶುಲ್ಕ ಇಲ್ಲ ಅಂದರು. ಸಂತೋಷ. ಆದರೆ ಅದು ಅರ್ಜಿ ಹಾಕಿ ಹೊರಡುವವರಿಗೆ. ದಿನಾ ಬ್ಯಾಕಪ್ಪನ್ನು ಬೇರೆ ಕಂಪನಿಗೆ ಕಳಿಸುತ್ತಾ ಇದ್ದರೆ ಮೀಟರ್ ಓಡುತ್ತಲೇ ಇರುತ್ತದೆ. ಕ್ಲೌಡ್ ಆರಿಸುವಾಗ ಸರ್ವರ್ ಬಾಡಿಗೆಗಿಂತ ಮೊದಲು ಈ ದರ ನೋಡಿ.

ಇನ್ನೊಂದು ಆಸೆ ಎಲ್ಲರಿಗೂ ಬರುತ್ತದೆ: ಒಂದೇ ಕ್ಲಸ್ಟರನ್ನು ಎರಡು ಕ್ಲೌಡ್‌ಗೆ ಹಿಗ್ಗಿಸಿಬಿಡೋಣ ಅಂತ. ಬೇಡ. ಮೂರು ಮುಖ್ಯ ಸರ್ವರ್ ಇಟ್ಟಾಗ ಕೆ3ಎಸ್ ಒಳಗೆ ಕ್ಲಸ್ಟರ್‌ನ ಸ್ಥಿತಿ ಬರೆದಿಡುವ ಇಟಿಸಿಡಿ ಅನ್ನುವ ಡೇಟಾಬೇಸ್ ಇರುತ್ತದೆ, ಅದರ ಪ್ರತಿ ಸರ್ವರ್‌ಗಳಲ್ಲಿ ಒಂದು ನಾಯಕ. ಆ ನಾಯಕ ಆಗಾಗ ತಾನಿದ್ದೇನೆ ಅಂತ ಹೇಳುತ್ತಿರಬೇಕು, ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಹೊಸ ಚುನಾವಣೆ. ದೂರದ ಎರಡು ಡೇಟಾ ಸೆಂಟರ್ ನಡುವಿನ ಲೈನ್ ಸ್ವಲ್ಪ ತೊದಲಿದರೂ ನಾಯಕ ಬದಲಾಗುತ್ತಲೇ ಇರುತ್ತಾನೆ. ನಿಧಾನ ಡಿಸ್ಕ್ ಇದ್ದರೂ ಹೀಗೇ. ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್‌ನಲ್ಲಿ ಎಸ್‌ಡಿ ಕಾರ್ಡ್ ಮೇಲೆ ಇಟಿಸಿಡಿ ನಡೆಸುವುದಂತೂ ಬೇಡವೇ ಬೇಡ, ಎಸ್‌ಎಸ್‌ಡಿ ಹಾಕಿ. ಪ್ರತಿ ಕ್ಲೌಡ್‌ಗೆ ಪ್ರತ್ಯೇಕ ಕ್ಲಸ್ಟರ್, ಎರಡಕ್ಕೂ ಒಂದೇ ಗಿಟ್ ರೆಪೊ (ಯಾಮಲ್ ಫೈಲ್‌ಗಳನ್ನು ಇಡುವ ಜಾಗ). ಇದೇ ನೆಮ್ಮದಿ.

ಲೈಸೆನ್ಸ್ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಸರ್ವರ್‌ಗಳನ್ನು ಹುಟ್ಟಿಸಲು ನಾವೆಲ್ಲ ಟೆರಾಫಾರ್ಮ್ ಬಳಸುತ್ತಿದ್ದೆವು. 2023ರ ಆಗಸ್ಟ್‌ನಲ್ಲಿ ಅದರ ಮಾಲೀಕ ಕಂಪನಿ ಹ್ಯಾಶಿಕಾರ್ಪ್ ಅದನ್ನು ಓಪನ್ ಸೋರ್ಸ್ ಲೈಸೆನ್ಸ್‌ನಿಂದ ಹೊರಗೆ ತಂದಿತು. ಸಮುದಾಯ ಅದೇ ಕೋಡ್‌ನಿಂದ ಓಪನ್‌ಟೋಫು ಕವಲೊಡೆಸಿ ಲಿನಕ್ಸ್ ಫೌಂಡೇಶನ್‌ಗೆ ಒಪ್ಪಿಸಿತು, 2024ರ ಜನವರಿಯಲ್ಲಿ ಬಳಕೆಗೆ ಸಿದ್ಧವಾದ ಆವೃತ್ತಿ ಬಂತು. ರೆಡಿಸ್ ಅನ್ನುವ ಡೇಟಾಬೇಸ್ 2024ರ ಮಾರ್ಚ್‌ನಲ್ಲಿ ಲೈಸೆನ್ಸ್ ಬದಲಿಸಿತು, ಅದೇ ತಿಂಗಳು ಅದರ ಕವಲಾಗಿ ವಾಲ್ಕಿ ಹುಟ್ಟಿತು. ರೆಡಿಸ್ 2025ರಲ್ಲಿ ಓಪನ್ ಸೋರ್ಸ್ ಲೈಸೆನ್ಸ್ ಆಯ್ಕೆಯನ್ನು ಮತ್ತೆ ಸೇರಿಸಿತು, ಅಷ್ಟರಲ್ಲಿ ಎಷ್ಟೋ ಜನ ವಾಲ್ಕಿಗೆ ಹೊರಟಾಗಿತ್ತು. ಸ್ವಂತ ಎಸ್3 ಸ್ಟೋರೇಜ್‌ಗೆ ಬಳಸುತ್ತಿದ್ದ ಮಿನಿಯೊದ ಉಚಿತ ಆವೃತ್ತಿಯಿಂದ 2025ರಲ್ಲಿ ಅಡ್ಮಿನ್ ಕನ್ಸೋಲ್‌ನ ಬಹುಪಾಲು ತೆಗೆದರು. ಹಾಗಾಗಿ ಒಂದು ಸಾಧನ ಆರಿಸುವಾಗ ಕೋಡ್ ಮುಕ್ತವಾಗಿದೆಯೇ ಅಂತ ಮಾತ್ರ ನೋಡಿದರೆ ಸಾಲದು, ಅದರ ಮಾಲೀಕತ್ವ ಒಂದೇ ಕಂಪನಿಯದೋ ಫೌಂಡೇಶನ್‌ನದೋ ನೋಡಬೇಕು. ಕೆ3ಎಸ್, ಓಪನ್‌ಟೋಫು, ವಾಲ್ಕಿ, ಕ್ಲೌಡ್‌ನೇಟಿವ್‌ಪಿಜಿ ಇವು ಫೌಂಡೇಶನ್‌ಗಳ ಅಡಿಯಲ್ಲಿವೆ. ನಾನು ಈ ಜೋಡಣೆಯನ್ನು ಧೈರ್ಯವಾಗಿ ಹೇಳುವುದು ಅದಕ್ಕೇ.

ನಿತ್ಯದ ನಿರ್ವಹಣೆಯಲ್ಲಿ ಎರಡು ವಿಷಯ ಗಮನದಲ್ಲಿರಲಿ. ಒಳಗಿನ ಸರ್ಟಿಫಿಕೇಟ್‌ಗಳ (ಕ್ಲಸ್ಟರ್‌ನ ಭಾಗಗಳು ಒಂದನ್ನೊಂದು ಗುರುತಿಸುವ ಡಿಜಿಟಲ್ ಗುರುತುಚೀಟಿ) ಆಯಸ್ಸು ಒಂದು ವರ್ಷ. ಅವಧಿ ಹತ್ತಿರ ಬಂದಾಗ ಕೆ3ಎಸ್ ರಿಸ್ಟಾರ್ಟ್ ಆದರೆ ತಾನೇ ಹೊಸದು ಮಾಡಿಕೊಳ್ಳುತ್ತದೆ. ವರ್ಷಗಟ್ಟಲೆ ರಿಸ್ಟಾರ್ಟ್ ಮಾಡದೆ ಬಿಟ್ಟರೆ ಒಂದು ಬೆಳಗ್ಗೆ ಏನೂ ಮಾತಾಡುವುದಿಲ್ಲ. ಮತ್ತೆ, ಕುಬರ್ನೆಟೀಸ್ ವರ್ಷಕ್ಕೆ ಮೂರು ಆವೃತ್ತಿ ಬಿಡುತ್ತದೆ, ಒಂದೊಂದಕ್ಕೆ ಸುಮಾರು 14 ತಿಂಗಳ ಬೆಂಬಲ. ಮೆಟ್ಟಿಲು ಹಾರದೆ ಒಂದೊಂದೇ ಆವೃತ್ತಿ ಏರಿ. 1.32 ಆವೃತ್ತಿಗೆ ಬರುವಾಗ ಒಳಗಿನ ಟ್ರಾಫಿಕ್ ಪ್ರಾಕ್ಸಿ ಮೂರನೇ ಪೀಳಿಗೆಗೆ ಜಿಗಿಯುತ್ತದೆ, ಹಳೆಯ ನಿಯಮಗಳನ್ನು ಮೊದಲೇ ಪರೀಕ್ಷಿಸಿ.

ಯಾರಿಗೆ ಬೇಡ? ಒಂದೇ ವೆಬ್‌ಸೈಟ್, ಒಂದೇ ಸರ್ವರ್ ಇರುವವರಿಗೆ ಒಂದೇ ಮಷಿನ್‌ನಲ್ಲಿ ಕಂಟೇನರ್‌ಗಳನ್ನು ನಡೆಸುವ ಡಾಕರ್ ಕಂಪೋಸ್ ಸಾಕು, ಅದೂ ಎಲ್ಲಿ ಬೇಕಾದರೂ ಓಡುತ್ತದೆ. ಸ್ವಂತ ಡೇಟಾ ಸೆಂಟರ್, ನೂರಾರು ಮಷಿನ್, ಬೇರೆಯವರಿಗೂ ವರ್ಚುವಲ್ ಸರ್ವರ್ ಹಂಚುವ ಕೆಲಸ ಇದ್ದರೆ ಸ್ವಂತ ಕ್ಲೌಡ್ ಕಟ್ಟುವ ಓಪನ್‌ಸ್ಟ್ಯಾಕ್ ನೋಡಿ. 2010ರಲ್ಲಿ ನಾಸಾ ಮತ್ತು ರ್‍ಯಾಕ್‌ಸ್ಪೇಸ್ ಶುರು ಮಾಡಿದ್ದು, ಜಿನೀವಾ ಬಳಿಯ ಕಣ ಭೌತಶಾಸ್ತ್ರ ಸಂಸ್ಥೆ ಸರ್ನ್ ತನ್ನ ಸಂಶೋಧನೆಯ ಲೆಕ್ಕಾಚಾರಕ್ಕೆ 2013ರಿಂದ ಅದನ್ನೇ ನಡೆಸುತ್ತಿದೆ. ಅದಕ್ಕೆ ಪ್ರತ್ಯೇಕ ತಂಡವೇ ಬೇಕು. ಇವೆರಡರ ನಡುವೆ ಇರುವವರಿಗೆ ಕೆ3ಎಸ್.

ಹಾಕುವವರು ಮೊದಲ ವಾರದಲ್ಲೇ ಬೇರೊಂದು ಕಂಪನಿಯಲ್ಲಿ ಚಿಕ್ಕ ಸರ್ವರ್ ಬಾಡಿಗೆಗೆ ಹಿಡಿದು, ಬಕೆಟ್‌ನಿಂದ ಡೇಟಾಬೇಸ್ ಎಬ್ಬಿಸಿ, ಆ್ಯಪ್‌ಗೆ ಲಾಗಿನ್ ಆಗಿ ನೋಡಿ. ಅಲ್ಲಿ ನಿನ್ನೆಯ ಎಂಟ್ರಿ ಕಂಡರೆ ಮಾತ್ರ ಹಳೆಯ ಕ್ಲೌಡ್‌ನ ಕರಾರು ಮುಂದುವರಿಸಬೇಕೋ ಬೇಡವೋ ಅಂತ ಯೋಚಿಸಿ.