ಲಂಡನ್ನಿನ ಕ್ಯೂ ನ್ಯಾಷನಲ್ ಆರ್ಕೈವ್ಸ್: ಕಳ್ಳಬೇಟೆಯವರ ದಯಾ ಅರ್ಜಿ ಓದೋಕ್ ಹೋಗಿದ್ದೆ (5/5)

ಬ್ರಿಟನ್ ಸರ್ಕಾರದ ಹಳೇ ದಾಖಲೆ ಎಲ್ಲಾ ಇಟ್ಟಿರೋ ಜಾಗ ಇದು, ಲಂಡನ್ ಕಡೆ ಇರೋರು ಒಂದ್ಸಲ ಹೋಗ್ಬನ್ನಿ, ಪುಕ್ಕಟೆ. ಕ್ಯೂ ಗಾರ್ಡನ್ಸ್ ಸ್ಟೇಷನ್ನಿಂದ ನಡ್ಕೊಂಡೇ ಹೋಗ್ಬೋದು, ಭಾನುವಾರ ಸೋಮವಾರ ರಜೆ. ಮೂಲ ಕಾಗದ ನೋಡೋಕೆ ಬೇಕಾದ ರೀಡರ್ ಟಿಕೆಟ್ಟಿಗೆ ಹೆಸರಿಗೊಂದು ಅಡ್ರೆಸ್ಸಿಗೊಂದು ಐಡಿ ಇಟ್ಕೊಳ್ಳಿ. ಪೆನ್ ಒಳಗೆ ಬಿಡಲ್ಲ, ಪೆನ್ಸಿಲ್ಲೇ ಗತಿ, ಫೋಟೋ ಮಾತ್ರ ಎಷ್ಟಾದ್ರೂ ಹೊಡ್ಕೋಬೋದು.

ನಾನ್ ತರಿಸ್ಕೊಂಡಿದ್ದು ಎಚ್ ಒ 17 ಸೀರೀಸು, 1819ರಿಂದ 1839ರ ವರೆಗೆ ಹೋಮ್ ಆಫೀಸಿಗೆ, ಅಂದ್ರೆ ಅಲ್ಲಿನ ಗೃಹ ಇಲಾಖೆಗೆ, ಶಿಕ್ಷೆ ಆದೋರ ಪರವಾಗಿ ಬಂದಿದ್ದ ಅರ್ಜಿಗಳು. ಕ್ಯಾಟಲಾಗಲ್ಲಿ ಬರೀ 'ಪೋಚಿಂಗ್' (ಕಳ್ಳಬೇಟೆ) ಅಂತ ಹುಡುಕಿ ಅರ್ಧ ದಿನ ಹಾಳ್ಮಾಡ್ಕೊಂಡೆ, ತಪ್ಪು ನಂದೇ, ಕೋರ್ಟ್ ಭಾಷೇಲಿ ಅದು ರಾತ್ರಿ ಆಯುಧ ಹಿಡ್ಕೊಂಡು ಬೇಟೆಗೆ ಅಂತ ಬೇರೆಯವ್ರ ಜಮೀನಿಗೆ ನುಗ್ಗಿದ್ದು. 'ಗೇಮ್' (ಬೇಟೆ ಪ್ರಾಣಿ), 'ನೈಟ್', 'ಆರ್ಮ್ಡ್' ಅಂತ ಹಾಕಿ ನೋಡಿ.

1828ರ ರಾತ್ರಿ ಕಳ್ಳಬೇಟೆ ಕಾಯ್ದೆ ಗೊತ್ತಿದ್ರೆ ಓದೋಕೆ ಸುಲಭ. ಮೂರು ಜನ ಸೇರಿ ರಾತ್ರಿ ಹೋಗಿ, ಒಬ್ಬನ ಕೈಲಿ ದೊಣ್ಣೆ ಇದ್ರೂ ಸಾಕು, 14 ವರ್ಷದ ವರೆಗೂ ಸಮುದ್ರದಾಚೆಗೆ ಗಡಿಪಾರು, ಅದೂ ಒಂದ್ ಮೊಲಕ್ಕೆ! ಅದಕ್ಕೇ ಅರ್ಜಿಗಳಲ್ಲಿ ಮತ್ತೆ ಮತ್ತೆ ಅದೇ ಮಾತು, ಹೆಂಡ್ತಿ ಇದಾಳೆ, ಸಣ್ಣ ಮಕ್ಕಳು, ಕೆಲ್ಸ ಇಲ್ಲ, ಹುಡುಗ ಇನ್ನೂ ಚಿಕ್ಕೋನು, ಇದೇ ಮೊದಲ್ನೇ ತಪ್ಪು ಅಂತ. ಅಕ್ಷರ ಮುತ್ತಿನಂಗಿರುತ್ತೆ, ಓದು ಬಂದೋರು ಯಾರೋ ಬರ್ಕೊಟ್ಟಿರೋದು, ಆದ್ರೆ ಕೆಳಗೆ ಸಹಿ ಜಾಗದಲ್ಲಿ ಕೆಲವರದ್ದು ಬರೀ ಇಂಟು ಮಾರ್ಕು. ನಾನು ಅಲ್ಲೇ ಸುಮಾರು ಹೊತ್ತು ನಿಂತ್ಬಿಟ್ಟೆ. ಪಾದ್ರಿ, ಪಕ್ಕದ್ಮನೆಯವ್ರು, ಒಮ್ಮೊಮ್ಮೆ ಕೇಸ್ ಹಾಕಿದವನೇ ಸಹಿ ಹಾಕಿರ್ತಾನೆ. ಆಮೇಲೆ ಮಡಚಿದ ಕಾಗದದ ಹೊರಗಡೆ ಆಫೀಸಿನೋರು ಬರೆದ ಉತ್ತರ ನೋಡ್ಬೇಕು, ಎಷ್ಟೋ ಕಡೆ ಒಂದೇ ಪದ, 'ನಿಲ್'. ಅಂದ್ರೆ ಏನೂ ಮಾಡಲ್ಲ ಅಂತ.

ದೊಡ್ಡೋರು ಹೇಳಿದ್ರೂ ನಡೀತಿತ್ತು ಅಂತೇನಿಲ್ಲ. ರಾಮ್ಸಿ ಊರಿನ ಕಳ್ಳಬೇಟೆಗಾರ ಚಾರ್ಲ್ಸ್ ಸ್ಮಿತ್, ಆಗ ಮಿನಿಸ್ಟರ್ ಆಗಿದ್ದ ಲಾರ್ಡ್ ಪಾಮರ್‌ಸ್ಟನ್ನಿನ ಕಾವಲುಗಾರನಿಗೆ ಗುಂಡು ಹೊಡೆದ, ಆ ಕಾವಲುಗಾರ ಬದುಕ್ಕೊಂಡ, ಪಾಮರ್‌ಸ್ಟನ್ನೇ ಶಿಕ್ಷೆ ಕಮ್ಮಿ ಮಾಡಿಸೋಕೆ ನೋಡಿದ, ಆದ್ರೂ 1822ರಲ್ಲಿ ವಿಂಚೆಸ್ಟರಲ್ಲಿ ನೇಣಿಗೆ ಹಾಕಿದ್ರು. ಮಿನಿಸ್ಟರ್ ಕಥೆನೇ ಹಿಂಗಾದ್ರೆ ಇಂಟು ಮಾರ್ಕಿನೋರ ಕಥೆ ಕೇಳ್ಬೇಕಾ.

ಮನೇಲೇ ಕೂತು ನೋಡೋಣ ಅಂತ ಇದಕ್ಕೂ ಮುಂಚೆ ಒಂದು ವೆಬ್‌ಸೈಟಿಗೆ ದುಡ್ಡು ಕಟ್ಟಿದ್ದೆ, ಕ್ಯಾನ್ಸಲ್ ಮಾಡೋಕ್ ಮರ್ತು ಇನ್ನೊಂದ್ ತಿಂಗಳದ್ದೂ ಕಟ್ಟಾಯ್ತು. ಪೇಪರ್ ಕೈಲಿ ಹಿಡಿದಾಗ ಆ ಮಡಿಕೆ ಗೆರೆ, ಕಿತ್ತ ಮೇಣದ ಸೀಲು ಎಲ್ಲಾ ಕಾಣುತ್ತೆ, ಸ್ಕ್ರೀನಲ್ಲಿ ಅದು ಸಿಗಲ್ಲ. ಮುಂದಿನ ಶನಿವಾರ ಇದರ ಮುಂದಿನ ಸೀರೀಸು ಎಚ್ ಒ 18, ಪೆನ್ಸಿಲ್ ಎರಡು ಎಕ್ಸ್ಟ್ರಾ ಇಟ್ಕೊಂಡಿದೀನಿ.