ಬಿಸಿಲ ನಾಡಿನ ಕ್ಯಾಂಪಿಂಗ್‌ಗೆ ಈ ಟೆಂಟು: ಮೂರು ವರ್ಷ ಬಳಸಿದ ಮೇಲೆ

ಟೆಂಟು ತಗೊಂಡು ಮೂರು ವರ್ಷ ದಾಟಿತು. ಇಬ್ಬರು ಮಲಗುವಷ್ಟು ಜಾಗ, ಎರಡು ಬಾಗಿಲು, ಎರಡು ಪದರ. ಒಳಗಿನದು ಪೂರ್ತಿ ಜಾಲರಿ, ಮೇಲೆ ಮಳೆಗೆ ಬೇರೆ ಹೊದಿಕೆ. ಅಲ್ಯುಮಿನಿಯಂ ಕೋಲು, ಗೂಟ ಎಲ್ಲ ಸೇರಿ 2.4 ಕೆ.ಜಿ. ಶನಿವಾರ ಹೊರಟು ಭಾನುವಾರ ರಾತ್ರಿ ಮನೆ ಸೇರುವ ತಿರುಗಾಟ ನಮ್ಮದು. ಹಾಗೇ ಲೆಕ್ಕ ಹಾಕಿದರೆ ಇದರೊಳಗೆ 40 ರಾತ್ರಿಯಾದರೂ ಮಲಗಿದ್ದೇವೆ. ಬಂಡೆ ಬಯಲು, ಕುರುಚಲು ಕಾಡು, ಹೊಳೆ ದಂಡೆ, ಕಡಲ ತೀರ, ಗುಡ್ಡದ ಮೇಲಿನ ಹುಲ್ಲುಗಾವಲು, ಎಲ್ಲ ಕಡೆ ಆಯಿತು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆದರೆ ಯಾವುದನ್ನು ನೋಡಿ ಕೊಂಡೆನೋ ಅದಕ್ಕಲ್ಲ.

ಕೊಳ್ಳುವಾಗ ನಾನು ನೋಡಿದ್ದು ಹೊದಿಕೆಯ ಮೇಲಿದ್ದ 3000 ಮಿ.ಮೀ. ಅನ್ನುವ ಸಂಖ್ಯೆ. ಬಟ್ಟೆಯ ಮೇಲೆ ಮೂರು ಮೀಟರ್ ಎತ್ತರಕ್ಕೆ ನೀರು ನಿಂತರೂ ಒಳಗೆ ಇಳಿಯಲ್ಲ ಅಂತ ಅದರ ಅರ್ಥ. ಜಾಸ್ತಿ ಇದ್ದಷ್ಟೂ ಒಳ್ಳೇದು ಅಂದುಕೊಂಡಿದ್ದೆ. ಇಷ್ಟು ದಿನದಲ್ಲಿ ನಿಜವಾದ ಮಳೆ ಸಿಕ್ಕಿದ್ದು ನಾಲ್ಕೇ ಸಲ. ಆ ನಾಲ್ಕು ಸಲವೂ ಒಂದು ಹನಿ ಒಳಗೆ ಬರಲಿಲ್ಲ, ಒಪ್ಪುತ್ತೇನೆ. ಮಿಕ್ಕ ರಾತ್ರಿಗಳಲ್ಲಿ ಕಾಪಾಡಿದ್ದು ಜಾಲರಿ.

ಮೊದಲ ರಾತ್ರಿಯ ಕಥೆ ಹೇಳಲೇಬೇಕು. ಹೊಸ ಹುರುಪಿನಲ್ಲಿ ಹೊದಿಕೆ ಹಾಕಿ, ಎಲ್ಲ ಜಿಪ್ಪು ಎಳೆದು ಮಲಗಿದ್ದೆವು. ನಡುರಾತ್ರಿ ತಂಗಿ ತಟ್ಟಿ ಎಬ್ಬಿಸಿದಳು. "ಅಣ್ಣಾ, ಟೆಂಟು ಸೋರ್ತಾ ಇದೆ ಕಣೋ." ಟಾರ್ಚ್ ಹಾಕಿ ನೋಡಿದರೆ ಹೊದಿಕೆಯ ಒಳಮೈ ತುಂಬ ಹನಿ. ಹೊರಗೆ ಬಂದರೆ ನಿಚ್ಚಳ ಆಕಾಶ, ತುಂಬ ನಕ್ಷತ್ರ. ಆ ನೀರು ಬೇರೆ ಯಾರದ್ದೂ ಅಲ್ಲ, ನಮ್ಮದೇ ಉಸಿರು. ಮೋಡ ಇಲ್ಲದ ರಾತ್ರಿ ಬಟ್ಟೆ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ. ಒಳಗಿನ ತೇವ ಅದಕ್ಕೆ ತಾಗಿ ಹನಿಗಟ್ಟುತ್ತದೆ. ಹೊದಿಕೆ ಕಿತ್ತು ಬಿಸಾಕಿದೆವು. ಐದೇ ನಿಮಿಷ, ಗಾಳಿ ಆಡಿತು, ನಿದ್ದೆ ಬಂತು. ಅವತ್ತಿನಿಂದ ಮಳೆ ಲಕ್ಷಣ ಇಲ್ಲದಿದ್ದರೆ ಹೊದಿಕೆ ಚೀಲ ಬಿಟ್ಟು ಹೊರಗೆ ಬರುವುದಿಲ್ಲ.

ಎರಡು ಬಾಗಿಲಿನ ಬೆಲೆ ಗೊತ್ತಾಗಿದ್ದು ಕಡಲ ತೀರದಲ್ಲಿ. ಸಂಜೆ ಸಮುದ್ರದ ಕಡೆಯಿಂದ ಚೆನ್ನಾಗಿ ಗಾಳಿ ಬೀಸುತ್ತಿತ್ತು, ಬಾಗಿಲು ಅತ್ತ ಮಾಡಿ ಹಾಕಿದೆವು. ರಾತ್ರಿ ಸ್ವಲ್ಪ ಹೊತ್ತು ಗಾಳಿಯೇ ಇಲ್ಲ. ಆಮೇಲೆ ಉಲ್ಟಾ, ನೆಲದ ಕಡೆಯಿಂದ ಬೀಸತೊಡಗಿತು. ನೀರಿಗಿಂತ ನೆಲ ಬೇಗ ತಣ್ಣಗಾಗುತ್ತದಲ್ವಾ, ಅದಕ್ಕೆ. ಗುಡ್ಡದಲ್ಲೂ ಇದೇ ಆಟ: ಹಗಲು ಗಾಳಿ ಇಳಿಜಾರು ಹತ್ತುತ್ತದೆ, ರಾತ್ರಿ ಇಳಿಯುತ್ತದೆ. ಎರಡು ಬಾಗಿಲು ಎದುರುಬದುರು ಇದ್ದರೆ ಮಲಗಿದ್ದಲ್ಲೇ ಎರಡನ್ನೂ ತೆರೆದರೆ ಆಯಿತು. ಒಂದೇ ಬಾಗಿಲಿನ ಟೆಂಟನ್ನು ಸೆಕೆ ಊರಿಗೆ ದಯವಿಟ್ಟು ತಗೋಬೇಡಿ.

ಎತ್ತರಕ್ಕೆ ಹೋದಾಗ ಮಾತ್ರ ಹೊದಿಕೆಯ ಮೇಲೆ ಪ್ರೀತಿ ಬರುತ್ತದೆ. ಪ್ರತಿ 1000 ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಕಡಿಮೆ. ಕೆಳಗೆ ಬನಿಯನ್ನಿನಲ್ಲಿ ಬೆವರಿದವರು ಮಾರನೇ ರಾತ್ರಿ ಮೇಲೆ ಕಂಬಳಿ ಹುಡುಕುತ್ತೇವೆ. ಹೊದಿಕೆಯನ್ನು ಅರ್ಧಕ್ಕೆ ಸುರುಳಿ ಸುತ್ತಿ ಕಟ್ಟಿಡುವ ವ್ಯವಸ್ಥೆ ಇದೆ, ಆಗ ಅದು ಬಹಳ ಅನುಕೂಲ. ಬಟ್ಟೆ ಪಾಲಿಯೆಸ್ಟರ್ ಆದದ್ದೂ ಒಳ್ಳೆಯದಾಯಿತು. ನೈಲಾನ್ ಹಾಗೆ ಒದ್ದೆಯಾದರೆ ಜೋತು ಬೀಳಲ್ಲ.

ಇನ್ನು ಗೂಟ. ಗಟ್ಟಿ ಮಣ್ಣಿಗೆ ಸರಿ, ಮರಳಿಗೆ ದಂಡ. ಬೆರಳಲ್ಲಿ ಎಳೆದರೆ ಬರುತ್ತವೆ. ನಾವು ಸಣ್ಣ ಬಟ್ಟೆ ಚೀಲಗಳಿಗೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದಡಿ ಆಳಕ್ಕೆ ಹೂಳುತ್ತೇವೆ. ಒಂದೂ ಕಿತ್ತು ಬಂದಿಲ್ಲ. ಬಂಡೆ ಮೇಲಾದರೆ ಕಲ್ಲಿಗೆ ಸುತ್ತುವುದೇ ಗತಿ. ಕಲ್ಲಂಚಿಗೆ ಉಜ್ಜಿ ಕಂಪನಿ ಕೊಟ್ಟ ಸಣ್ಣ ಹಗ್ಗ ಎರಡೇ ಪ್ರವಾಸಕ್ಕೆ ನಾರುನಾರಾಯಿತು. ಹಾಂ, ಒಣಗಿದ ಹಳ್ಳದ ಮರಳು ಸಮತಟ್ಟಾಗಿದೆ ಅಂತ ಅಲ್ಲಿ ಮಾತ್ರ ಹಾಕಬೇಡಿ. ನಿಮ್ಮ ತಲೆ ಮೇಲೆ ಮೋಡವೇ ಇಲ್ಲದಿದ್ದರೂ ಮೇಲೆಲ್ಲೋ ಸುರಿದ ಮಳೆ ರಾತ್ರಿ ಹುಡುಕಿಕೊಂಡು ಬರುತ್ತದೆ.

ಬೆಳಗಿನ ಬಿಸಿಲಿಗೆ ಯಾವ ಟೆಂಟೂ ಉತ್ತರ ಅಲ್ಲ. ಸೂರ್ಯ ಹುಟ್ಟಿ ಅರ್ಧ ಗಂಟೆಗೆ ಒಳಗೆ ಒಲೆ. ಮರದ ಅಥವಾ ದೊಡ್ಡ ಬಂಡೆಯ ಪಶ್ಚಿಮಕ್ಕೆ ಹಾಕಿದರೆ ಇನ್ನೊಂದು ಗಂಟೆ ನಿದ್ದೆ ಸಿಗುತ್ತದೆ, ಅಷ್ಟೇ.

ಕೊರತೆಗಳಲ್ಲಿ ಮೊದಲನೆಯದು ಜಿಪ್ಪು. ಎರಡನೇ ವರ್ಷ ಮರಳು ತಿಂದು ತಿಂದು ರನ್ನರ್ ಸವೆಯಿತು. ಎಳೆದರೆ ಹಿಂದಿನಿಂದ ಬಾಯಿ ಬಿಡುತ್ತಿತ್ತು. ಇಕ್ಕಳದಲ್ಲಿ ರನ್ನರಿನ ಎರಡೂ ಬದಿ ಮೆಲ್ಲಗೆ ಒತ್ತಿದೆ, ಸರಿಹೋಯಿತು. ಈಗ ಪ್ರತಿ ಸಲ ಬಂದ ಮೇಲೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಜಿಪ್ಪು ತೊಳೆಯುತ್ತೇನೆ.

ಎರಡನೆಯದರಲ್ಲಿ ತಪ್ಪು ನನ್ನದೂ ಇದೆ. ಒಂದು ಭಾನುವಾರ ಒದ್ದೆ ಹೊದಿಕೆಯನ್ನು ಹಾಗೇ ಮಡಚಿ ಕಾರಿನ ಡಿಕ್ಕಿಗೆ ಹಾಕಿದೆ. ಮರೆತೆ. ಬೇಸಿಗೆಯ ಐದು ವಾರ ಅದು ಅಲ್ಲೇ ಬೆಂದಿತು. ತೆಗೆದಾಗ ವಾಂತಿಯಂಥ ವಾಸನೆ, ಒಳಮೈ ಅಂಟಂಟು. ನೀರು ತಡೆಯಲು ಬಟ್ಟೆಗೆ ಬಳಿಯುವ ಪಾಲಿಯುರೆಥೇನ್ ಲೇಪ ತೇವ ಮತ್ತು ಬಿಸಿಗೆ ಹೀಗೆ ಕಳಚಿಕೊಳ್ಳುತ್ತದಂತೆ. ಒಮ್ಮೆ ಶುರುವಾದರೆ ಮುಗಿಯಿತು, ತೊಳೆದು ಪ್ರಯೋಜನ ಇಲ್ಲ. ಕಂಪನಿಗೆ ಬರೆದೆ. ಇದು ವಾರಂಟಿಗೆ ಬರಲ್ಲ ಅಂದರು, ಸರಿ. ಹೊದಿಕೆ ಮಾತ್ರ ದುಡ್ಡಿಗೆ ಕೊಡಿ ಅಂದೆ. ಬಿಡಿಯಾಗಿ ಮಾರುವುದಿಲ್ಲ, ಪೂರ್ತಿ ಟೆಂಟೇ ಕೊಳ್ಳಿ ಅಂದರು. ಕತ್ತರಿಸಿದ ಒಂದು ಅಂಕ ಇದಕ್ಕೇ.

ಈಗ ಒಂದು ಸಾದಾ ಟಾರ್ಪಾಲು ಜೊತೆಗಿರುತ್ತದೆ. ಜಾಲರಿಯಿಂದ ಒಂದು ಮೊಳ ಮೇಲೆ ಎಳೆದು ಕಟ್ಟುತ್ತೇವೆ, ನಡುವೆ ಗಾಳಿ ಓಡಾಡುತ್ತದೆ. ಒಳಗೆ ಹನಿಗಟ್ಟುವ ರಗಳೆ ಇಲ್ಲ. ಮಧ್ಯಾಹ್ನ ಟೆಂಟು ಮಡಚಿಟ್ಟು ಅದರ ಕೆಳಗೇ ಚಾಪೆ ಹಾಸಿದರೆ ಬಿಸಿಲು ಇಳಿಯುವವರೆಗೆ ಹೊರಳಾಡಬಹುದು. ಅಂಟು ಹೊದಿಕೆಯನ್ನು ತಂಗಿ ಸ್ಕೂಟರ್ ಮುಚ್ಚಲು ಒಯ್ದಳು.